ಎಡಗೈಯ ಗೀಟು

ಕಂಟೇನರಿನ ಬಾಗಿಲಿಗೆ ನಾಲ್ಕು ಕಂಬಿ, ನಾಲ್ಕೂ ಇವೆ, ಒಂದೊಂದೂ ಸೂಜಿಗಿಂತ ಸಣ್ಣ, ಹಿಡಿಕೆ ಇದೆ, ಹಿಡಿಕೆಗೆ ಸೀಲು ಹಾಕುವ ತೂತೂ ಇದೆ, ಎಲಾ ಇವನ, ಈ ತೂತು ಕೊರೆಯಲು ಎಂಥ ಮೊನೆ ಹುಡುಕಿದನೋ — ಭೂತಗನ್ನಡಿಗೆ ನನ್ನದೇ ರೆಪ್ಪೆ ಅಡ್ಡ ಬರುತ್ತದೆ, ಉಸಿರು ಬಿಟ್ಟರೆ ಗಾಜು ಮಂಜಾಗುತ್ತದೆ, ತೋಳಿಗೆ ಒರೆಸಿಕೊಂಡು ಮತ್ತೆ ಬಗ್ಗುತ್ತೇನೆ, ಸೊಂಟ ಬೈಯುತ್ತದೆ, ಬೈಯಲಿ, ಇಪ್ಪತ್ತೆರಡು ವರ್ಷ ಅಸಲಿ ವ್ಯಾಗನ್ನುಗಳ ಕೆಳಗೆ ಬಗ್ಗಿದ ಸೊಂಟ, ಆಟಿಕೆಯ ಮುಂದೆ ಬಗ್ಗಲು ಏನು ಧಾಡಿ. ಆಟಿಕೆ ಅನ್ಬೇಡಿ ಅಮ್ಮಾ, ಮಾದರಿ ಅನ್ನಿ, ಎಂದು ಬೆಳಿಗ್ಗೆಯೇ ಕ್ಲಬ್ಬಿನ ಕಾರ್ಯದರ್ಶಿ ತಿದ್ದಿದ್ದ. ಸರಿಯಪ್ಪ, ಮಾದರಿ, ಅಸಲಿನ ಎಂಬತ್ತೇಳರಲ್ಲಿ ಒಂದು ಪಾಲು, ಹನ್ನೊಂದು ಮೇಜು, ಹನ್ನೊಂದು ಮಾದರಿ, ಮಾಡಿದವರ ಹೆಸರಿಲ್ಲ, ನಂಬರ್ ಮಾತ್ರ, ಜೊತೆಗೊಂದು ಅಂಟಿಸಿದ ಲಕೋಟೆ, ಅದರೊಳಗೆ ಅಸಲಿ ವ್ಯಾಗನ್ನಿನ ಫೋಟೋ, ಅನುಮಾನ ಬಂದರೆ ಮಾತ್ರ ಒಡೆಯಬೇಕು ಎಂದು ನಿಯಮ. ತೀರ್ಪು ಹೇಳುವವರು ಮೂವರು, ಅಂಕ ಬರೆದುಕೊಳ್ಳುವ ಡ್ರಾಯಿಂಗ್ ಮೇಷ್ಟ್ರು ಒಬ್ಬರು, ಗೂಡ್ಸ್ ಯಾರ್ಡಿನಲ್ಲಿ ಸುತ್ತಿಗೆಯಿಂದ ಬಡಿದು ಸದ್ದು ಕೇಳಿ ಈ ವ್ಯಾಗನ್ ಹೋಗಬಹುದು, ಇದು ಹೋಗಬಾರದು ಎಂದು ಹೇಳುತ್ತಿದ್ದ ಪರೀಕ್ಷಕಿ ನಾನೊಬ್ಬಳು, ಕೆಲಸಗಾರರ ಬಾಯಲ್ಲಿ ಟಣ್ ಟಣ್ ಅಕ್ಕ — ಮತ್ತೆ ಅವರು, ಯಾರ್ಡ್ ಸಾಹೇಬರು, ಅದೇ ಯಾರ್ಡಿಗೆ ಸಾಹೇಬರಾಗಿದ್ದವರು. ಬೆಳಿಗ್ಗೆ ಬಾಗಿಲಲ್ಲಿ ಅವರನ್ನು ಕಂಡವಳೇ ಆಚೆ ಹೋಗಿ ಮನೆಗೆ ಫೋನ್ ಮಾಡಿದೆ, ಆ ಸಾಹೇಬ್ರೂ ಬಂದಿದಾರೆ, ವಾಪಸ್ ಬರ್ತೀನಿ ಕಣ್ರೀ. ಹೊಲಿಗೆ ಯಂತ್ರದ ಸದ್ದು ನಿಂತಿತು, ನನ್ನ ಗಂಡ ದರ್ಜಿ, ಮಾತಾಡುವಾಗ ಹೊಲಿಯುವುದಿಲ್ಲ. ಯಾಕೆ, ಆ ಕುರ್ಚಿ ಅವರಪ್ಪನ ಮನೇದಾ? ಹೋಗಿ ಕೂತ್ಕೋ. ವಾಪಸ್ ಬಂದ್ರೆ ಕೂರಿಸಿ ಗುಂಡಿ ಹೊಲಿಸ್ತೀನಿ ಅಷ್ಟೇ. ಗುಂಡಿ ಹೊಲಿಯುವುದೆಂದರೆ ನನಗಾಗದು, ಅದಕ್ಕೇ ಒಳಗೆ ಬಂದೆ.

ತಗಡಿನ ಮಡಿಕೆಗಳಲ್ಲಿ ತುಕ್ಕು ಇಳಿದಿದೆ, ನೀರು ಹರಿಯುವ ದಾರಿಯಲ್ಲೇ ಇಳಿದಿದೆ, ನೋಡಿ ಕಲಿತವನ ತುಕ್ಕು ಇದು, ಆರನೇ ಮೇಜಿನವನು ಇಡೀ ವ್ಯಾಗನ್ನಿಗೆ ಕಂದು ಬಳಿದು ಹಳೆಯದು ಎಂದು ನಂಬಿಸಲು ಹೊರಟಿದ್ದ, ಇಪ್ಪತ್ತೈದಕ್ಕೆ ಹನ್ನೊಂದು ಕೊಟ್ಟೆ, ಅಯ್ಯೋ ಪಾಪ ಅಂದರು ಮೇಷ್ಟ್ರು, ಪಾಪಕ್ಕೆ ಬೇರೆ ಕಲಂ ಇಲ್ಲ ಮೇಷ್ಟ್ರೇ ಅಂದೆ. ಕಂಟೇನರಿನ ಕೆಳಗೆ ವ್ಯಾಗನ್, ಸ್ಪ್ರಿಂಗಿನ ಪಟ್ಟಿ ಏಳು, ಏಳೂ ಸರಿ, ಬ್ರೇಕಿನ ಕೊಳವೆ ಸರಿ, ಮೂಲೆಯ ಬೀಗಗಳು ಸರಿ, ಬದಿಯ ತೊಲೆಯ ಮೇಲೆ ತೂಕದ ಬರಹ, ಆಮೇಲೆ ನಂಬರು, ನಂಬರಿನ ಕೊನೆಗೆ ನಾಲ್ಕು ಒಂದು ಏಳು — ಗಾಜು ಜಾರಿ ಮೇಜಿಗೆ ಬಡಿಯಿತು. ಜೋಪಾನ, ಅಂದರು ಸಾಹೇಬರು. ನಾಲ್ಕು ಒಂದು ಏಳು. ಹನ್ನೆರಡು ವರ್ಷದಿಂದ ನಿದ್ದೆಯಲ್ಲೂ ಬಿಡದ ನಂಬರು, ಆ ಬೆಳಿಗ್ಗೆ ಆರಕ್ಕೆ ಸ್ಪ್ರಿಂಗಿಗೆ ಬಡಿದರೆ ಟಣ್ ಎನ್ನಬೇಕಾದ್ದು ಟಪ್ ಎಂದಿತು, ಬೆರಳಾಡಿಸಿದೆ, ಮೂರನೇ ಪಟ್ಟಿಯಲ್ಲಿ ಬಿರುಕು, ಸೀಮೆಸುಣ್ಣ ತೆಗೆದು ತೊಲೆಯ ಮೇಲೆ ಕತ್ತರಿ ಗುರುತು ಹಾಕಿದೆ, ಎರಡೇ ಗೀಟು, ಈ ವ್ಯಾಗನ್ ಹೋಗಕೂಡದು ಎಂದರ್ಥ, ಚೀಟಿ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ. ಹಡಗು ಕಾಯ್ತಾ ಇದೆ ಕಣಮ್ಮಾ, ಇದೊಂದ್ಸಲ ಹೋಗಿ ಬರ್ಲಿ, ಆಮೇಲೆ ನೋಡ್ಕೊಳ್ಳೋಣ. ಆಗಲ್ಲ ಸಾರ್. ಹಾಗೆ ಹೇಳಿ ಮುಂದಿನ ಸಾಲಿಗೆ ಹೋದೆ, ಏಳು ಐವತ್ತಕ್ಕೆ ಗಾಡಿ ಹೊರಟಿತು, ನಾಲ್ಕು ಒಂದು ಏಳೂ ಅದರಲ್ಲೇ ಹೊರಟಿತು, ತಿರುವಿನಲ್ಲಿ ಹಳಿ ಬಿಟ್ಟಿತು, ಕಂಟೇನರ್ ರೈಲ್ವೆ ಗೇಟಿನ ಗೂಡಿನ ಮೇಲೆ ಮಗುಚಿತು, ಗೇಟಿನವನ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ವಿಚಾರಣೆಗೆ ಚೀಟಿ ಸಿಗಲಿಲ್ಲ, ವ್ಯಾಗನ್ ನುಜ್ಜುಗುಜ್ಜಾಗಿ ಗುಜರಿ ಸೇರಿತ್ತು, ಗುರುತು ಹಾಕಿದ್ದನ್ನ ನಾನಂತೂ ನೋಡ್ಲಿಲ್ಲ ಅಂದರು ಸಾಹೇಬರು, ಎಷ್ಟು ಮೆತ್ತಗೆ, ನನ್ನ ಮೇಲೆ ಕರುಣೆಯೇ ಉಕ್ಕಿ ಬಂದವರ ಹಾಗೆ. ಪರೀಕ್ಷಕಿಯ ಅಲಕ್ಷ್ಯ ಎಂದು ಬರೆದರು, ಸುತ್ತಿಗೆ ಕಿತ್ತುಕೊಂಡರು, ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದರು, ನಿವೃತ್ತಿಯ ತನಕ ಎಂಟು ವರ್ಷ ಯಾರದೋ ಕೊಡೆ, ಯಾರದೋ ಒಂಟಿ ಚಪ್ಪಲಿ ಕಾದೆ. ಅದಾದರೂ ಹೋಗಲಿ. ತರಕಾರಿ ಅಂಗಡಿಯಲ್ಲಿ ಗೇಟಿನವನ ಹೆಂಡತಿ ಎದುರು ನಿಂತು, ಒಂದು ಗೀಟು ಎಳೆಯೋಕೆ ನಿಮ್ ಕೈಗೆ ಏನಾಗಿತ್ತು, ಅಂದಳಲ್ಲ, ಎಳೆದಿದ್ದೆ ಕಣಮ್ಮಾ ಎನ್ನಲು ಬಾಯಿ ತೆರೆದವಳು ಚೀಲ ಎತ್ತಿಕೊಂಡು ಹೊರಟುಬಿಟ್ಟೆ, ಯಾಕೆಂದರೆ ಅಷ್ಟು ಹೊತ್ತಿಗೆ ನನಗೇ ನಂಬಿಕೆ ಹೋಗಿತ್ತು. ಇಲ್ಲ ಇಲ್ಲ ಎಂದು ನೂರು ಸಲ ಬರೆದರೆ ಇದ್ದದ್ದೂ ಇಲ್ಲವಾಗುತ್ತದೆ, ಎಷ್ಟೋ ಮಧ್ಯಾಹ್ನ ಆ ಕೋಣೆಯಲ್ಲಿ ಕುಳಿತು ನನ್ನ ಕೈಯನ್ನೇ ಕೇಳುತ್ತಿದ್ದೆ, ಎಳೆದೆಯಾ, ನಿಜ ಹೇಳು, ಎಳೆದೆಯಾ.

ಇಲ್ನೋಡಿ, ಇಲ್ಲೊಂದು ಎಡವಟ್ಟಾಗಿದೆ — ಸಾಹೇಬರು ಬೆರಳಿಡುತ್ತಾರೆ, ಅವರ ಉಗುರು ಇಡೀ ಚಕ್ರವನ್ನೇ ಮುಚ್ಚುತ್ತದೆ — ತೊಲೆ ಮೇಲೆ ಬಿಳಿ ಮೆತ್ತಿಕೊಂಡಿದೆ, ಕೈ ತಾಗಿಸಿಬಿಟ್ಟಿದಾನೆ, ಇಷ್ಟು ಚೆನ್ನಾಗಿ ಮಾಡಿ ಕೊನೇಲಿ ಹೀಗಾ, ಬಣ್ಣದ ಕಲಂನಲ್ಲಿ ಎಂಟು ಅಂಕ ಕಡಿಯೋಣ ಮೇಷ್ಟ್ರೇ. ನಂಬರು ಅವರ ಕಣ್ಣೆದುರಿಗೇ ಇದೆ, ಅವರಿಗೆ ನೆನಪಿಲ್ಲ, ಒಬ್ಬನ ಕಾಲು ತಿಂದ ನಂಬರು ನೆನಪಿಲ್ಲ, ಅಥವಾ ಇದೆಯೋ, ಇದ್ದೇ ಎಂಟು ಅಂಕ ಕಡಿಯುತ್ತಿದ್ದಾರೋ. ಗಾಜು ಎತ್ತಿಕೊಂಡೆ. ಎರಡನೇ ಚಕ್ರದ ಮೇಲೆ, ಸರಿಯಾಗಿ ಆ ಸ್ಪ್ರಿಂಗಿನ ನೇರಕ್ಕೆ, ತೊಲೆಯ ಮೇಲೆ ಬಿಳಿ ಮಸುಕು, ಬಲಕ್ಕೆ ಎಳೆದ ಜಾಡು, ಬಟ್ಟೆಯಲ್ಲಿ ಉಜ್ಜಿದರೆ ಹಾಗಾಗುತ್ತದೆ, ಬಣ್ಣ ಮೆತ್ತಿದ್ದಾದರೆ ಅಂಚು ದಪ್ಪಗಿರುತ್ತಿತ್ತು, ಇದು ಒಣ ಪುಡಿ, ಮೊನೆ ಬ್ರಷ್ಷಿನಿಂದ ಬೇಕೆಂದೇ ಕೂರಿಸಿದ್ದು, ಗಂಟೆಗಟ್ಟಲೆ ಹಿಡಿದಿರಬೇಕು. ಮಸುಕಿನ ಕೆಳಗೆ, ಉಜ್ಜಿದ ಬಟ್ಟೆ ತಲುಪದ ಕಡೆ, ಒಂದು ಬಾಲ ಉಳಿದಿದೆ, ಎಳ್ಳುಕಾಳಿನಷ್ಟು, ತುದಿಯಲ್ಲಿ ಎಡಕ್ಕೆ ತಿರುಗಿದೆ. ಕೊಕ್ಕೆ. ಬಿಳಿ ಕೊಕ್ಕೆ. ಯಾರ್ಡಿನಲ್ಲಿ ಹದಿನಾಲ್ಕು ಜನ ಪರೀಕ್ಷಕರು, ಎಡಗೈಯವಳು ನಾನೊಬ್ಬಳೇ, ಗೀಟು ಮುಗಿಯುವಾಗ ಮಣಿಕಟ್ಟು ತಾನಾಗಿ ತಿರುಗಿ ಸುಣ್ಣ ಎಡಕ್ಕೆ ಕೊಕ್ಕೆ ಹಾಕುತ್ತಿತ್ತು, ಅಕ್ಕನ ಗೀಟು ಬಾಲ ಆಡಿಸುತ್ತೆ ಎಂದು ಎಲ್ಲರೂ ನಗುತ್ತಿದ್ದರು, ಚಿಕ್ಕವಳಿದ್ದಾಗ ಅಮ್ಮ ಈ ಕೈಗೆ ಬಾರಿಸಿದ್ದೇನು ಕಡಿಮೆಯೇ, ಬಲಗೈ ಇಲ್ವೇನೇ ನಿಂಗೆ, ಇದೆ ಅಮ್ಮಾ, ಆದ್ರೆ ಅದಕ್ಕೆ ಬುದ್ಧಿ ಇಲ್ಲ, ಅದಕ್ಕೆ ಇನ್ನೊಂದು ಏಟು. ನನ್ನ ಗಂಡನೂ ಹೇಳುತ್ತಾರೆ, ಹತ್ತು ದರ್ಜಿಗಳು ಬಟ್ಟೆಗೆ ಗೀಟು ಎಳೆದರೂ ಯಾವುದು ಯಾರ ಕೈ ಎಂದು ನೋಡಿದ ಕೂಡಲೇ ಗೊತ್ತಾಗುತ್ತದಂತೆ. ಮಾಡಿದವನಿಗೆ ಇದೇನೆಂದು ಗೊತ್ತಿರಲಾರದು, ಯಾರೋ ಪುಣ್ಯಾತ್ಮ, ಮೇಲುಸೇತುವೆಯಲ್ಲಿ ನಿಂತು ಫೋಟೋ ತೆಗೆದು, ಕಂಡದ್ದನ್ನು ಕಂಡ ಹಾಗೆ ಮಾಡಿದ್ದಾನೆ, ಕೊಳೆ ಎಂದು ಬಿಡಲಿಲ್ಲ, ಚೆನ್ನಾಗಿ ಕಾಣಲಿ ಎಂದು ತಿದ್ದಲಿಲ್ಲ. ಎಳೆದಿದ್ದೆ. ದೇವರೇ, ಎಳೆದಿದ್ದೆ. ಹನ್ನೆರಡು ವರ್ಷ ಈ ಕೈಯನ್ನು ಕಳ್ಳನ ಹಾಗೆ ವಿಚಾರಿಸಿದೆನಲ್ಲ, ಅದು ತನ್ನ ಕೆಲಸ ಮಾಡಿತ್ತು.

ಏನಮ್ಮಾ, ಎಂಟು ಕಡಿಯೋಣ ತಾನೆ? ಬೇಡ. ಹೋಗ್ಲಿ, ಐದು. ಒಂದೂ ಬೇಡ ಸಾರ್, ಇಪ್ಪತ್ತೈದಕ್ಕೆ ಇಪ್ಪತ್ತೈದು — ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಮರೆತಿತ್ತು, ಕಿಟಕಿಯ ಹತ್ತಿರ ಟೀ ಲೋಟ ಜೋಡಿಸುತ್ತಿದ್ದ ಕಾರ್ಯದರ್ಶಿ ತಿರುಗಿ ನೋಡಿದ. ಅಲ್ಲಮ್ಮಾ, ಕಲೆ ಎದ್ದು ಕಾಣ್ತಿದೆಯಲ್ಲ, ಎಂದು ಮೇಷ್ಟ್ರು ಪೆನ್ನು ಎತ್ತಿ ನಿಂತರು. ಅಸಲಿನಲ್ಲೂ ಇತ್ತು ಮೇಷ್ಟ್ರೇ, ಲಕೋಟೆ ಒಡೀರಿ. ಇಷ್ಟಕ್ಕೆಲ್ಲ ಲಕೋಟೆ ಯಾಕೆ, ಇನ್ನೂ ನಾಲ್ಕು ಮೇಜಿದೆ, ಊಟದ ಹೊತ್ತಾಯ್ತು, ಎಂದರು ಸಾಹೇಬರು. ಅನುಮಾನ ಬಂದ್ರೆ ಒಡೀಬೇಕು ಅಂತ ನಿಯಮ, ನನಗೆ ಬಂದಿದೆ, ಹನ್ನೆರಡು ವರ್ಷ ಆಯ್ತು ಬಂದು. ಮೇಷ್ಟ್ರು ಸ್ಕೇಲಿನ ಅಂಚಿನಿಂದ ಲಕೋಟೆ ಸೀಳಿದರು, ಫೋಟೋ ನಾಲ್ಕಂಗುಲ ಅಗಲ, ನಾಲ್ಕು ಒಂದು ಏಳು, ತೊಲೆ, ಮಸುಕು, ಕೊಕ್ಕೆ, ಎಲ್ಲ ಇದೆ. ಹಿಂಬದಿಗೆ ನೀಲಿ ಶಾಯಿಯಲ್ಲಿ ತಾರೀಖು, ಮೇಷ್ಟ್ರು ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದರು, ಅದೇ ದಿನ, ಬೆಳಿಗ್ಗೆ ಏಳು ಇಪ್ಪತ್ತು, ಗಾಡಿ ಹೊರಡಲು ಅರ್ಧ ಗಂಟೆ ಇರುವಾಗ. ತಾರೀಖು ಕೇಳಿದ ಸಾಹೇಬರು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸತೊಡಗಿದರು, ನೆನಪಿದೆ ಹಾಗಾದರೆ, ಒರೆಸಿ ಕೈ ಪಳಗಿದೆ. ಅದೆಲ್ಲ ಈಗ್ಯಾಕಮ್ಮಾ, ಮುಗಿದುಹೋದ ಕಥೆ, ಇಬ್ರಿಗೂ ವಯಸ್ಸಾಯ್ತು. ನಿಮಗೆ ಮುಗಿದಿದೆ ಸಾರ್, ಗೇಟಿನವನು ಇನ್ನೂ ಮರದ ಕಾಲಲ್ಲಿ ಓಡಾಡ್ತಿದಾನೆ. ಯಾವ ಕಥೆ, ಯಾವ ಗೇಟಿನವನು ಎಂದು ಮೇಷ್ಟ್ರು ಇಬ್ಬರ ಮುಖ ನೋಡಿದರು, ನಾಲ್ಕೇ ಮಾತಿನಲ್ಲಿ ಹೇಳಿದೆ, ಅಳಲಿಲ್ಲ, ಅಳಬಹುದು ಎಂದು ಹೆದರಿದ್ದೆ. ಮೇಷ್ಟ್ರು ಫೋಟೋವನ್ನು ಮಾದರಿಯ ಪಕ್ಕ ಹಿಡಿದು ನೋಡಿ, ಟಿಪ್ಪಣಿ ಕಲಂನಲ್ಲಿ ಏನಂತ ಬರೀಲಿ ಅಮ್ಮಾ ಅಂದರು. ಕೊಡಿ ಇಲ್ಲಿ. ಎಡಗೈಯಲ್ಲಿ ಬರೆದೆ, ದೊಡ್ಡ ಅಕ್ಷರದಲ್ಲಿ ಬರೆದೆ, ತೊಲೆಯ ಮೇಲಿನ ಬಿಳಿ ಪರೀಕ್ಷಕಿ ಹಾಕಿದ ತಡೆಗುರುತು, ಗಾಡಿ ಹೊರಡುವ ಮೊದಲೇ ಅಳಿಸಲಾಗಿದೆ, ಮಾದರಿ ಅಸಲಿಗೆ ತಕ್ಕಂತಿದೆ, ಪೂರ್ಣ ಅಂಕ. ಸಹಿ ಹಾಕಿದೆ, ಕೆಳಗೆ ಹುದ್ದೆಯನ್ನೂ ಬರೆದೆ, ಕಿತ್ತುಕೊಂಡ ಹುದ್ದೆಯನ್ನು. ಮೇಷ್ಟ್ರೂ ಸಹಿ ಹಾಕಿದರು. ಮೂರು ಸಹಿ ಇಲ್ಲದ ಹಾಳೆ ನಡೆಯುವುದಿಲ್ಲ, ಹಾಳೆಯನ್ನು ಸಾಹೇಬರ ಮುಂದೆ ತಳ್ಳಿದೆ, ಪೆನ್ನು ಅವರ ಕೈಯಲ್ಲಿದೆ, ಮುಚ್ಚಳ ತೆಗೆದಿಲ್ಲ, ಹಾಕುವುದಿಲ್ಲ ಎಂದರೆ ಯಾಕೆ ಎಂದು ಇಷ್ಟು ಜನರೆದುರು ಬಾಯಿ ಬಿಟ್ಟು ಹೇಳಬೇಕು, ಹೇಳಲಿ, ನನಗೇನೂ ಅವಸರವಿಲ್ಲ, ಫೋಟೋದ ಒಂದು ಪ್ರತಿ ಮಾಡಿಸಿಕೊಂಡು ನಾಳೆ ಗೇಟಿನವನ ಮನೆಯ ಬಾಗಿಲು ಬಡಿಯುತ್ತೇನೆ, ನೋಡಮ್ಮಾ ನನ್ನ ಕೈಗೆ ಏನೂ ಆಗಿರಲಿಲ್ಲ ಎನ್ನುತ್ತೇನೆ, ಅವಳು ಬೈದರೂ ಬೈಯಲಿ, ನಿಜ ತಿಳಿದು ಬೈಯಲಿ — ಪೆನ್ನು ಇನ್ನೂ ಮುಚ್ಚಿದೆ, ಅವರು ನನ್ನನ್ನು ನೋಡುತ್ತಿದ್ದಾರೆ, ನಾನು ಕಣ್ಣು ತಗ್ಗಿಸುವುದಿಲ್ಲ, ತಗ್ಗಿಸಿದರೆ ಗಾಜಿಗೇ ತಗ್ಗಿಸುತ್ತೇನೆ, ಬಟ್ಟೆ ತಲುಪದ ಆ ಜಾಗಕ್ಕೆ, ಎಳ್ಳುಕಾಳಿನಷ್ಟು, ಎಡಕ್ಕೆ ತಿರುಗಿದೆ, ಕೊಕ್ಕೆ, ಎಡಕ್ಕೇ, ಬಿಳಿ ಕೊಕ್ಕೆ —