ಸ್ವಿಚ್ಚಿಗೆ ಕಟ್ಟಿದ ಬೋರ್ಡು

ಮೀನು ಕಂಡರೆ ನನಗೆ ಆಗುವುದಿಲ್ಲ. ನಮ್ಮ ಕ್ವಾರ್ಟರ್ಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ನೀಲಾಂಬಿಕಾಗೆ ಮೀನು ಅಂದರೆ ಮೈ ಉರಿಯುತ್ತದೆ ಅಂತ. ಮೀನಿನ ಹೆಸರನ್ನೂ ಮನೆಯೊಳಗೆ ಎತ್ತಬಾರದೆಂದು ಬೆಳೆದವಳು ನಾನು. ಅಂಥವಳ ಪಡಸಾಲೆಯಲ್ಲಿ, ದೇವರ ಜಗಲಿಗೆ ಎದುರಾಗಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ತಂದು ಕೂರಿಸಿದರು ನಮ್ಮವರು. 'ಈ ಮನ್ಯಾಗ ಒಂದೋ ಅದು ಇರಬೇಕು, ಇಲ್ಲಾ ನಾ ಇರಬೇಕು' ಅಂದಿದ್ದೆ. ಅದೂ ಉಳಿಯಿತು, ನಾನೂ ಉಳಿದೆ.

ನಮ್ಮವರು ಸಿದ್ದೇಶ. ರೈಲ್ವೆಯಲ್ಲಿ ಇಂಜಿನ್ನುಗಳ ಕರೆಂಟಿನ ಕೆಲಸ. ನಾಗಪುರಕ್ಕೆ ವರ್ಗವಾಗಿ ಬಂದು ನಾಲ್ಕು ವರ್ಷವಾಗಿತ್ತು. ಮೊದಲು ಆ ತೊಟ್ಟಿಯಲ್ಲಿದ್ದದ್ದು ಒಂದೇ ಆಸ್ಕರ್ ಮೀನು. ಅಂಗೈಗಿಂತ ದೊಡ್ಡದು, ಕಪ್ಪು ಮೈಮೇಲೆ ಕೆಂಡದ ಬಣ್ಣದ ಗೀರು. ಮಗಳು ರಚನಾ ಅದಕ್ಕೆ ಗುಂಡ್ಯಾ ಅಂತ ಹೆಸರಿಟ್ಟಿದ್ದಳು. ಮೂರನೇ ಇಯತ್ತೆಯ ಹುಡುಗಿ. ಶಾಲೆಯಿಂದ ಬಂದು ಕೈಕಾಲು ತೊಳೆದವಳೇ ತುದಿಗಾಲಲ್ಲಿ ನಿಂತು, ಎಡಗೈಯಲ್ಲಿ ಸ್ಟ್ಯಾಂಡಿನ ಕಬ್ಬಿಣ ಹಿಡಿದು, ಬಲಗೈ ನೀರಿಗಿಳಿಸಿ ಕಾಳು ತಿನ್ನಿಸುವಳು. ಗುಂಡ್ಯಾನೂ ನಾಯಿಮರಿಯ ಹಾಗೆ ಬೆರಳ ತುದಿಗೇ ಬರುತ್ತಿತ್ತು. 'ನೋಡ್ತಿರು, ಒಂದಿನ ಈ ಕೈಗೆ ಕುತ್ತು ಬರತೈತಿ' ಎಂದು ನಾನು ದಿನಾ ಒದರುತ್ತಿದ್ದೆ. ನನ್ನ ಬಾಯಿಗೆ ಹುಳ ಬೀಳಲಿ.

ದೀಪಾವಳಿ ಹೊತ್ತಿಗೆ ನಮ್ಮವರ ಜೊತೆಗಾರ ಲಕ್ಷ್ಮೀಕಾಂತನಿಗೆ ವರ್ಗವಾಯಿತು. ಹೋಗುವಾಗ ತನ್ನ ಫ್ಲವರ್‌ಹಾರ್ನ್ ಮೀನನ್ನು ಬಕೆಟ್ಟಿನಲ್ಲಿ ತಂದು ಕೊಟ್ಟ. 'ಲಕ್ಕಿ ಮೀನ ಐತ್ರೀ ವೈನಿ, ಮನೀಗೆ ಚಲೋ ಆಗತೈತಿ' ಅಂದ. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು, ಕೆಂಪು ಕಣ್ಣು. ಗಾಜಿನಲ್ಲಿ ತನ್ನದೇ ನೆರಳು ಕಂಡರೂ ಮೇಲೆ ಬೀಳುವ ಸಿಟ್ಟು. ನಾವು ಅದನ್ನು ಸಾಹೇಬ ಅಂತ ಕರೆದೆವು.

ಎರಡೂ ಜಾಗಕ್ಕಾಗಿ ಕಾದಾಡುವ ಜಾತಿ. ನಡುವೆ ತೂತಿನ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿ, ಆ ಕಡೆ ಒಬ್ಬ, ಈ ಕಡೆ ಒಬ್ಬ ಅಂತ ಇಟ್ಟಿದ್ದರು. ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನಮ್ಮವರಿಗೆ ಒಂದೇ ಹಟ, ಎರಡೂ ಕೂಡಿ ಬಾಳಬೇಕು ಅಂತ. ಡಿಸೆಂಬರಿನಲ್ಲಿ ಹಾಳೆ ತೆಗೆದು, ಒಳಗಿನ ಕಲ್ಲುಗಳನ್ನೆಲ್ಲ ಅದಲು ಬದಲು ಮಾಡಿದರು.

'ಕಲ್ಲು ಸರಿಸಿದ್ರ ಯಾರಿಗೂ ತಮ್ಮ ಜಾಗ ಯಾವ್ದಂತ ಗೊತ್ತಾಗೂದಿಲ್ಲ. ಇಬ್ರೂ ಹೊಸಬರಾಗ್ತಾರ. ಆಮ್ಯಾಲ ಜಗಳ ಎಲ್ಲೀದು?' ಅಂದರು.

ವರ್ಗವಾಗಿ ಹೋದ ಊರಲ್ಲೆಲ್ಲ ಬಟ್ಟೆ ಒಣಗಹಾಕುವ ಹಗ್ಗಕ್ಕೂ ಜಗಳ ಕಂಡವಳು ನಾನು. ನಗು ಬಂತು. ಮರುದಿನವೇ ಗುಂಡ್ಯಾನ ಬಾಲ ಹರಿದಿತ್ತು. ಸಾಹೇಬ ಹರಳು ಅಗೆದು, ಕಲ್ಲು ನೂಕಿ, ನೀರು ಬೆಚ್ಚಗಿಡುವ ಹೀಟರಿನ ಗಾಜಿನ ಕೊಳವೆ ಇರುವ ಮೂಲೆಯನ್ನು ತನ್ನದು ಮಾಡಿಕೊಂಡಿದ್ದ. ಆ ಕೊಳವೆಗೂ ಹಾಯುತ್ತಿದ್ದ. ಹಗಲೆಲ್ಲ ಟಕ್ ಟಕ್ ಸದ್ದು. ಇವರು ಮತ್ತೆ ಕಲ್ಲು ಸರಿಸುವರು, ಅವನು ಮತ್ತೆ ಹಿಡಿಯುವನು.

ನೀರಿಗೆ ಕೈ ಹಾಕುವ ಮುಂಚೆ ಇವರದೊಂದು ಶಾಸ್ತ್ರವಿತ್ತು. ಸ್ವಿಚ್ಚು ಆರಿಸಿ, ಅದಕ್ಕೆ ಕೆಲಸದ ಕಡೆಯಿಂದ ತಂದ ಕೆಂಪು ತಗಡಿನ ಬೋರ್ಡು ಕಟ್ಟುವುದು. 'ಆದ್ಮಿ ಕಾಮ್ ಪರ್ ಹೈ', ಅಂದರೆ ಆಳು ಕೆಲಸದಲ್ಲಿದ್ದಾನೆ, ಎಂದು ಅದರ ಮೇಲೆ ಹಿಂದಿಯಲ್ಲಿ ಬರೆದಿತ್ತು. ಕಟ್ಟಿದವನೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. 'ಮೀನಿನ ಡಬ್ಬಿಗೂ ನಿಮ್ಮ ರೈಲ್ವೆ ಕಾನೂನೇನ್ರಿ?' ಎಂದು ನಾನು ಕಾಡಿಸಿದ್ದೆ. ಇವರು ನಗಲಿಲ್ಲ. ಮೊದಲಿದ್ದ ಊರಿನ ಶಂಕರಪ್ಪನ ಕತೆ ಹೇಳಿದರು. ಶಂಕರಪ್ಪ ಇಂಜಿನ್ನಿನ ಮೇಲಿದ್ದಾಗ ಒಬ್ಬ, ಕೆಲಸ ಮುಗಿದಿದೆ, ಬೋರ್ಡು ತೆಗೆಯಲು ಮರೆತಿದ್ದಾರೆ ಎಂದುಕೊಂಡು ತಾನೇ ಬಿಚ್ಚಿ ಕರೆಂಟು ಕೊಟ್ಟಿದ್ದ. ಶಂಕರಪ್ಪ ಉಳಿಯಲಿಲ್ಲ.

ಆ ಬೋರ್ಡು ಬಿಚ್ಚಿದವನ ಜೊತೆ ಇವರು ಮತ್ತೆ ಆರು ವರ್ಷ ಕೆಲಸ ಮಾಡಿದರು. ಒಂದು ಮಾತೂ ಆಡಲಿಲ್ಲ. ಹೇಳಲೇಬೇಕಾದ್ದು ಏನಾದರೂ ಇದ್ದರೆ, ಅವನು ಎದುರಿಗಿದ್ದರೂ ಬಾಜೂದವರಿಗೆ ಹೇಳುತ್ತಿದ್ದರಂತೆ, 'ಅವಂಗ ಹೇಳ್ರಿ' ಅಂತ. ಬೈಯಲಿಲ್ಲ, ಹೊಡೆಯಲಿಲ್ಲ. ಇದೆಂಥ ಕಲ್ಲುಮನಸ್ಸು ಅಂತ ನನಗೆ ಆಗಲೇ ಅನ್ನಿಸಿತ್ತು.

ಇಷ್ಟೆಲ್ಲ ಶಾಸ್ತ್ರ ಮಾಡುವವರು ಬೋರ್ಡು ಬಿಚ್ಚುವುದನ್ನು ಮಾತ್ರ ಮರೆಯುತ್ತಿದ್ದರು. ಒಮ್ಮೆ ಕಟ್ಟಿ ಹಾಗೇ ಡ್ಯೂಟಿಗೆ ಹೋಗಿಬಿಟ್ಟಿದ್ದರು. ನೀರು ತಣ್ಣಗಾಗಿ ಗುಂಡ್ಯಾ ತಳದಲ್ಲಿ ಒರಗಿ ಬಿದ್ದಿತ್ತು, ರಚನಾ ಊಟ ಬಿಟ್ಟು ಅತ್ತಿದ್ದಳು. ಅವತ್ತು ಇವರು ಬರುವ ತನಕ ನಾನು ಬೋರ್ಡು ಮುಟ್ಟಿರಲಿಲ್ಲ.

ಈ ಅನಾಹುತ ಆದ ದಿನ ಬೆಳಿಗ್ಗೆ ಇವರಿಗೆ ಆರರ ಡ್ಯೂಟಿ. ಕಟಕಟ ಹಲ್ಲು ಕಡಿಯುವ ಥಂಡಿ. ನಾನು ರಜಾಯಿಯೊಳಗಿದ್ದೆ. ತೊಟ್ಟಿಯ ಕಡೆಯಿಂದ ಒಮ್ಮೆ ಟಕ್ ಅಂದದ್ದು ಕೇಳಿಸಿತು, ಆಮೇಲೆ ಇವರು ಬಾಗಿಲೆಳೆದುಕೊಂಡು ಹೋದದ್ದು.

ಎದ್ದು ನೋಡಿದರೆ ಸ್ವಿಚ್ಚಿಗೆ ಬೋರ್ಡು ಕಟ್ಟಿತ್ತು. ಮತ್ತೆ ಮರೆತರಲ್ಲ ಮಹಾನುಭಾವರು ಅಂದುಕೊಂಡೆ. ರಚನಾಳನ್ನು ಶಾಲೆಗೆ ಕಳಿಸಿ, ರೊಟ್ಟಿ ಬಡಿದು, ಹನ್ನೊಂದಕ್ಕೆ ಬಂದು ನೋಡಿದರೆ ನೀರಿನ ಬಿಸಿ ನೋಡಲು ಗಾಜಿಗೆ ಅಂಟಿಸಿದ ಪಟ್ಟಿಯಲ್ಲಿ ಹತ್ತೊಂಬತ್ತು ಡಿಗ್ರಿ ತೋರಿಸುತ್ತಿತ್ತು. ಗುಂಡ್ಯಾ ಒಂದು ಮಗ್ಗುಲಿಗೆ ವಾಲಿ ಬಾಯಿ ಬಿಡುತ್ತಿತ್ತು. ಇವರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಕೆಲಸದಲ್ಲಿ ಫೋನು ಪೆಟ್ಟಿಗೆಯಲ್ಲಿಟ್ಟಿರುತ್ತಾರೆ.

ಇನ್ನೆರಡೂವರೆ ತಾಸಿಗೆ ರಚನಾ ಬರುತ್ತಾಳೆ. ಸತ್ತ ಮೀನನ್ನು ಅವಳಿಗೆ ಹೇಗೆ ತೋರಿಸಲಿ? ಅವಳಿಗಾಗಿ ಅಂತಲೇ ಅಂದುಕೊಂಡೆ. ಈಗ ನಿಜ ಹೇಳುತ್ತೇನೆ, ಆ ಹಾಳು ಮೀನು ನನ್ನ ಕಡೆ ನೋಡಿದ್ದಕ್ಕೆ ನನಗೂ ಕರುಳು ಚುರ್ ಅಂದಿತ್ತು. ಗಂಟು ಬಿಚ್ಚಲು ಹೋದೆ. ಇವರ ಗಂಟು ಬಿಚ್ಚುವಂಥದ್ದಲ್ಲ. ಕತ್ತರಿ ತಂದು ದಾರ ಕತ್ತರಿಸಿ, ಬೋರ್ಡನ್ನು ಫ್ರಿಜ್ಜಿನ ಮೇಲಿಟ್ಟು, ಸ್ವಿಚ್ಚು ಹಾಕಿದೆ.

ಹೀಟರಿನ ಕೆಂಪು ದೀಪ ಹತ್ತಲಿಲ್ಲ. ದೀಪ ಹೋಗಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನೋಡಿದರೆ ಸಾಹೇಬ ತನ್ನ ಮೂಲೆ ಬಿಟ್ಟು ಬಂದಿದ್ದ. ಹೀಟರಿಗೆ ದೂರವಾದ ಮೂಲೆಯಲ್ಲಿ ಗುಂಡ್ಯಾನ ಪಕ್ಕದಲ್ಲೇ, ಮೈಗೆ ಮೈ ತಾಗಿಸಿ ನಿಂತಿದ್ದ. ಕಾದಾಟವಿಲ್ಲ, ಟಕ್ ಟಕ್ ಇಲ್ಲ. ಮನೆಯೆಲ್ಲ ಗಪ್‌ಚಿಪ್. ಅಂತೂ ಹೊಂದಿಕೊಂಡವಲ್ಲ, ಇವರು ಬಂದಮೇಲೆ ಹೇಳಬೇಕು ಅಂತ ನನಗೆ ಖುಷಿಯಾಯಿತು. ಕುರುಡಿ ನಾನು.

ಒಂದೂವರೆಗೆ ರಚನಾ ಬಂದಳು. ನಾನು ಅಡುಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದೆ. ಕೈಕಾಲು ತೊಳೆದು, ಒದ್ದೆ ಕಾಲಲ್ಲೇ ಪಡಸಾಲೆಗೆ ಓಡಿದ ಸದ್ದು ಕೇಳಿಸಿತು.

'ಅವ್ವಾ! ಗುಂಡ್ಯಾ ಕಚ್ಚಿದ!'

'ಕಚ್ಚದ ಮುದ್ದು ಮಾಡತೈತೇನ? ಎಷ್ಟು ಸಲ ಹೇಳಿಲ್ಲ ನಾ?' ಎಂದು ಒಳಗಿನಿಂದಲೇ ಗದರಿದೆ. ನನ್ನ ಮಾತು ಖರೇ ಆಯಿತೆಂದು ಒಳಗೊಳಗೇ ಹಿಗ್ಗು ಬೇರೆ.

'ಹಂಗಲ್ಲವ್ವಾ. ಗುಂಡ್ಯಾ ಆ ಮೂಲ್ಯಾಗ ಅದಾನ. ಇಲ್ಲಿ ಕೋಣೀಚ್ ನಾಹೀ, ಯಾರೂ ಇಲ್ಲ. ನೀರಽ ಕಚ್ಚಾಕತ್ತೈತಿ, ನೋಡ ಬಾ ಇಲ್ಲೆ.'

ನೀರು ಕಚ್ಚುತ್ತದೆ ಎಂಬ ಮಾತು ನನ್ನ ತಲೆಗೆ ಹೋಗುವಷ್ಟರಲ್ಲಿ ಅವಳು ಮತ್ತೆ ಕೈ ಹಾಕಿದ್ದಳು. ಕಾಳಿನ ಡಬ್ಬಿ ನೆಲಕ್ಕೆ ಬಿದ್ದ ಸದ್ದಾಯಿತು. ಓಡಿದೆ. ಎಡಗೈ ಕಬ್ಬಿಣ ಹಿಡಿದಿತ್ತು, ಬಲಗೈ ಮೊಣಕೈವರೆಗೆ ನೀರಲ್ಲಿತ್ತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಮೈಯೆಲ್ಲ ಗಡಗಡ ನಡುಗುತ್ತಿತ್ತು. ನಾನು ಅವಳನ್ನು ಎಳೆಯಲಿಲ್ಲ, ಸ್ವಿಚ್ಚಿಗೆ ಹಾರಿದೆ. ಇವರ ಜೊತೆ ಬಾಳಿ ಅಷ್ಟಾದರೂ ಕಲಿತಿದ್ದೆ. ಹುಡುಗಿ ಬಟ್ಟೆಯ ಗಂಟಿನ ಹಾಗೆ ಕುಸಿದುಬಿದ್ದಳು.

ಉಸಿರಿತ್ತು ನನ್ನ ಕಂದನಿಗೆ. ಪಕ್ಕದ ಮನೆಯ ದೇಚಮ್ಮ ಆಟೋ ತರಿಸಿದರು. ಹೊರಡುವ ಮುಂಚೆ, ಆ ಗಡಿಬಿಡಿಯಲ್ಲೂ, ನಾನು ಒಂದು ಕೆಲಸ ಮಾಡಿದೆ. ಫ್ರಿಜ್ಜಿನ ಮೇಲಿನ ಬೋರ್ಡು ತೆಗೆದು ಸ್ವಿಚ್ಚಿನ ಕೆಳಗೆ ನೆಲಕ್ಕೆ ಬಿಸಾಕಿದೆ. ಶಂಕರಪ್ಪನ ಕತೆ ನೆನಪಾಗಿತ್ತು. ಎಂಥ ತಾಯಿ ನಾನು!

ಆಸ್ಪತ್ರೆಯಲ್ಲಿ ಜೀವಕ್ಕೆ ಭಯವಿಲ್ಲ ಅಂದರು. ಬಲಗೈಯ ಎರಡು ಬೆರಳಿಗೆ ಸ್ಪರ್ಶ ಬರುವುದು ತಡವಾಗಬಹುದು, ಬರದೆಯೂ ಇರಬಹುದು ಅಂದರು. ಇವರು ಬಂದಾಗ ನಾಲ್ಕು ಗಂಟೆ. ಮನೆಗೆ ಹೋಗಿ, ಸುದ್ದಿ ತಿಳಿದು ಓಡಿಬಂದಿದ್ದರು. ಕೈಯಲ್ಲಿ ಮಹಾಲ್ ಪೇಟೆಯ ಅಂಗಡಿಯ ಚೀಲ, ಅದರಲ್ಲಿ ಹೊಸ ಹೀಟರು.

'ಮುಂಜಾನೆ ಸಾಹೇಬ ಹಾದು ಹೀಟರಿನ ಕೊಳವಿ ಒಡದಿದ್ದ. ಹೊತ್ತಾಗಿತ್ತು, ನೀ ಮಲಗಿದ್ದಿ. ಬೋರ್ಡ ಕಟ್ಟೀನಲ್ಲ ಅಂತ ಹೋದೆ' ಅಂದರು. ಆಮೇಲೆ ಮೆಲ್ಲಗೆ ಕೇಳಿದರು, 'ಬೋರ್ಡ?'

'ನೆಲಕ್ಕ ಬಿದ್ದಿತ್ರಿ. ನಾ ನೋಡ್ಲಿಲ್ಲ. ಸ್ವಿಚ್ ಹಾಕಿಬಿಟ್ಟೆ' ಅಂದೆ.

ಇವರು ಜೇಬಿಗೆ ಕೈ ಹಾಕಿ ಬೋರ್ಡು ತೆಗೆದರು. ಮನೆಯಿಂದ ಎತ್ತಿಕೊಂಡೇ ಬಂದಿದ್ದರು. ದಾರದಲ್ಲಿ ಗಂಟು ಹಾಗೇ ಇತ್ತು. ಅದರ ಪಕ್ಕದಲ್ಲಿ ಕತ್ತರಿ ಆಡಿಸಿದ ತುದಿ, ಒಂದು ಎಳೆಯೂ ಬಿಚ್ಚಿರಲಿಲ್ಲ. ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಅಷ್ಟರಲ್ಲಿ ದೇಚಮ್ಮ ಬಂದು ಇದು ಹೇಗಾಯಿತೆಂದು ಕೇಳಿದರು. 'ನಂದಽ ತಪ್ಪರಿ. ಬರೋಬರ್ ಕಟ್ಟಿರಲಿಲ್ಲ' ಅಂದರು ಇವರು.

ಮೀನುಗಳನ್ನು ಕೊಟ್ಟುಬಿಟ್ಟರು, ತೊಟ್ಟಿಯನ್ನೂ. ರಚನಾ ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾಳೆ. ಇವರು ಒಮ್ಮೆಯೂ ಬೈದಿಲ್ಲ, ಪಗಾರ ತಂದು ಜಗಲಿಯ ಮೇಲಿಡುತ್ತಾರೆ, ನಾನು ಬಡಿಸಿದ್ದನ್ನು ಉಣ್ಣುತ್ತಾರೆ.

ನಿನ್ನೆಯೂ ತಾಟಿನ ಮುಂದೆ ಕೂತು, ರೊಟ್ಟಿ ಬುಟ್ಟಿ ಹಿಡಿದು ಎದುರಿಗೇ ನಿಂತಿದ್ದ ನನ್ನನ್ನು ಬಿಟ್ಟು, ಮಗಳ ಕಡೆ ತಿರುಗಿದರು. 'ನಿಮ್ಮವ್ವಗ ಹೇಳು, ನಾಳೆ ನಂಗ ಆರರ ಡ್ಯೂಟಿ ಐತಿ.'

ರಚನಾ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. 'ಅವ್ವ ಇಲ್ಲೇ ಅದಾಳಲ್ಲಪ್ಪಾ, ನೀನಽ ಹೇಳು' ಅಂದಳು.