ಇಲ್ಲಿ ನಿಂತವರು ಬೆಟ್ಟ ನೋಡುತ್ತಾರೆ

ಹಾರೆ ಮತ್ತೆ ಟಣ್ ಎಂದಿತು. ನರಸಪ್ಪ ಅದನ್ನು ಗುಂಡಿಯಿಂದ ಮೇಲಕ್ಕೆಸೆದು ಅಂಗೈ ಉಜ್ಜಿಕೊಂಡ.

"ಆಗಾಕಿಲ್ಲ ಸ್ವಾಮಿ. ಮಂಡಿಯುದ್ದ ಮಣ್ಣು, ಅದರ ಕೆಳಗೆ ಬರೀ ಬಂಡೆ. ಬೆಟ್ಟ ಇಲ್ಲಿಗಂಟ ಕಾಲು ಚಾಚ್ಕೊಂಡು ಮಲಗೈತೆ."

ಹೊಲದಲ್ಲಿ ಅಗೆದ ಎರಡನೆಯ ಗುಂಡಿ ಅದು. ಬೇವಿನ ನೆರಳಲ್ಲಿ, ಹೆಣ ಹೊರುವ, ಹೂ ಸುತ್ತಿದ ಬಿದಿರಿನ ವಿಮಾನದೊಳಗೆ ಸಿದ್ದಗಂಗಯ್ಯ ಕೂತಿದ್ದರು. ಹಣೆಗೆ ವಿಭೂತಿ ಬಳಿದಿತ್ತು, ತಲೆ ಒಂದಿಷ್ಟು ವಾಲಿತ್ತು. ಮಧುಗಿರಿ ಬಸ್ ನಿಲ್ದಾಣದ ಎದುರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಲೇ ಪತ್ತೇದಾರಿ ಕಾದಂಬರಿಗಳನ್ನು ಬರೆದವರು. ಅವರ ಕತೆಗಳ ಕೊಲೆಗಳೆಲ್ಲ ಈ ಬೆಟ್ಟದ ಸುತ್ತಲೇ ನಡೆದಿದ್ದವು.

"ಅತ್ತಿಗೆ, ಹೊತ್ತು ಇಳೀತಾ ಇದೆ," ಎಂದ ಅವರ ತಮ್ಮ ಕುಮಾರಸ್ವಾಮಿ. "ಇಷ್ಟರಲ್ಲೇ ಮಲಗಿಸಿಬಿಡೋಣ. ಅಣ್ಣನಿಗೇನು ಗೊತ್ತಾಗುತ್ತೆ?"

"ಮಲಗಿಸೋದು ಬೇಡ." ಸರೋಜಮ್ಮನ ದನಿ ಸಣ್ಣದಾಗಿತ್ತು. "ನಿಮ್ಮ ಮನೇಲಿ ಎಲ್ಲರನ್ನೂ ಕೂರಿಸಿದ್ದೀರಿ. ಇವರನ್ನೂ ಕೂರಿಸಿ. ಈ ಹೊಲದಲ್ಲೇ."

ಕ್ರಿಯೆ ಮಾಡಿಸಲು ಬಂದಿದ್ದ ರುದ್ರಮುನಿ ಅಯ್ಯನವರು ತಲೆಯಾಡಿಸಿದರು. "ಕೂರಿಸಬೇಕು, ಮುಖ ಉತ್ತರಕ್ಕಿರಬೇಕು. ಸರಿಯೇ. ಆದ್ರೆ ಕತ್ತಲಾಗೋದ್ರೊಳಗೆ ಆಳ ಸಿಗಬೇಕಲ್ಲ ತಾಯಿ."

ನರಸಪ್ಪನ ಹೆಂಡತಿ ಭೀಮಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಪುಸ್ತಕದಾಗೆ ಎಷ್ಟು ಹೆಣ ಹೂಣಿಸಿದ ಮಾರಾಯ. ಈಗ ಅವನಿಗೇ ಜಾಗ ಇಲ್ದಂಗಾಯ್ತಲ್ಲ."

"ಸುಮ್ಕಿರಮ್ಮಿ," ಎಂದು ನರಸಪ್ಪ ಗದರಿದ. ಆದರೆ ಯಾರೋ ಹಿಂದೆ ಕಿಸಕ್ಕೆಂದರು.

ಸರೋಜಮ್ಮ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಭೀಮಕ್ಕನ ಮುಖವನ್ನೇ ನೋಡುತ್ತ ನಿಂತರು.

*

ಮದುವೆಯಾದ ಹೊಸತು. ಗಂಡ ಹಾರೆ ಹೊತ್ತುಕೊಂಡು ಸರೋಜಮ್ಮನನ್ನು ಇದೇ ಹೊಲಕ್ಕೆ ಕರೆತಂದಿದ್ದರು.

"ಕೊಲೆ ಮಾಡೋದೇನೋ ಸುಲಭ ಸರೋಜ. ಈ ಬಂಡೆ ಸೀಮೇಲಿ ಕತೇಲಿರೋ ಕೊಲೆಗಾರ ಹೆಣ ಎಲ್ಲಿ ಹೂಳ್ತಾನೆ, ಪಾಪ?"

ಬಂಡೆಗುಂಡುಗಳ ನಡುವೆ ಅಲ್ಲಲ್ಲಿ ಹಾರೆ ಕುಟ್ಟುತ್ತ, ನೆಲಕ್ಕೆ ಕಿವಿಗೊಟ್ಟು ಕೇಳುತ್ತ ಹೋದರು. ಸರೋಜಮ್ಮನಿಗೆ ದಾರಿಯ ಮೇಲೇ ಕಣ್ಣು. ಯಾರಾದರೂ ನೋಡಿದರೆ ಏನಂದುಕೊಂಡಾರು?

"ನೋಡ್ತಾರೆ ಕಣ್ರೀ, ಬನ್ನಿ."

"ಏನ್ ನೋಡ್ತಾರೆ? ನೀನೊಂದ್ಸಲ ತಲೆ ಎತ್ತು."

ಎತ್ತಿದರು. ಒಂದೇ ಬಂಡೆ, ಅರ್ಧ ಆಕಾಶ. ಅದರ ಮೈಮೇಲೆ ಕೋಟೆಯ ಗೋಡೆ ಬಂಡೆಯ ಅಂಚು ಮುಟ್ಟಿ, ಯಾರೋ ಮರೆತುಹೋದ ದಾರದ ಎಳೆಯಂತಿತ್ತು. ಅರ್ಧ ಎತ್ತರದಲ್ಲಿ ಹದ್ದೊಂದು ತೇಲುತ್ತಿತ್ತು, ಅದರ ನೆರಳು ಬಂಡೆಯ ಮೇಲೆ ಬೇರೆಯಾಗಿ ತೇಲುತ್ತಿತ್ತು. ಸರೋಜಮ್ಮ ದಾರಿಯನ್ನು ಮರೆತರು, ಭಯವನ್ನೂ ಮರೆತರು.

ಕಣ್ಣು ಕೆಳಗಿಳಿಸಿದಾಗ ಅವರ ಪಾದದ ಪಕ್ಕದಲ್ಲೇ ಹಾರೆ ಹಿಡಿಯವರೆಗೂ ಮಣ್ಣಿನಲ್ಲಿ ಇಳಿದಿತ್ತು. ಗಂಡ ಮಗುವಿನಂತೆ ನಗುತ್ತಿದ್ದರು.

"ಗೊತ್ತಾಯ್ತಾ? ಇಲ್ಲಿ ನಿಂತವರು ಬೆಟ್ಟ ನೋಡ್ತಾರೆ. ಕಾಲಡಿ ಯಾರೂ ನೋಡಲ್ಲ."

*

ಸರೋಜಮ್ಮ ಲಂಟಾನದ ಪೊದೆ ಸರಿಸಿ ಬಂಡೆಗುಂಡುಗಳ ಕಡೆಗೆ ನಡೆದರು.

"ಅಲ್ಲೇನೈತೆ ಅಮ್ಮಾರೇ, ಗುಂಡಿನ ಮ್ಯಾಲೆ ಗುಂಡು," ಎನ್ನುತ್ತ ನರಸಪ್ಪ ಹಾರೆ ಹಿಡಿದು ಹಿಂದೆ ಬಂದ.

ಗುಂಡುಗಳೆಲ್ಲ ಒಂದೇ ಥರ ಕಂಡವು. ಯಾವುದರ ಪಕ್ಕ? ತಪ್ಪಾದರೆ ಉಳಿದ ಬೆಳಕೂ ದಂಡ. ಎಲ್ಲರೂ ತಮ್ಮನ್ನೇ ನೋಡುತ್ತಿದ್ದರು. ಕೊನೆಗೆ ನೆಲ ನೋಡುವುದನ್ನು ಬಿಟ್ಟು ತಲೆ ಎತ್ತಿದರು. ಎತ್ತಿಕೊಂಡೇ ಎಡಕ್ಕೆ ಸರಿದರು, ಹಿಂದಕ್ಕೆ ಬಂದರು. ಕೋಟೆಯ ದಾರ ಬಂಡೆಯ ಅಂಚು ಮುಟ್ಟಿತು. ಬೆಟ್ಟ ಅಂದಿನಷ್ಟೇ ದೊಡ್ಡದಾಯಿತು.

"ಇಲ್ಲಿ."

ನರಸಪ್ಪ ಹಾರೆ ಎತ್ತಿ ಕುಕ್ಕಿದ. ಸದ್ದೇ ಬರಲಿಲ್ಲ. ಹಾರೆ ಅವನ ಕೈಯಿಂದ ಜಾರಿ ಒಳಕ್ಕಿಳಿಯಿತು. ಎಳೆದು ತೆಗೆದಾಗ ತುದಿಗೆ ಹಸಿ ಮಣ್ಣು ಮೆತ್ತಿತ್ತು. ಅವನು ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ಮೆಲ್ಲಗೆ, "ಶಿವನೇ," ಎಂದ.

ಗಂಡಸರೆಲ್ಲ ಸರದಿಯ ಮೇಲೆ ಅಗೆದರು. ಕುಮಾರಸ್ವಾಮಿಯೂ ಪಂಚೆ ಎತ್ತಿ ಕಟ್ಟಿ ಇಳಿದ. ಹೊತ್ತು ಮುಳುಗುವ ಮುಂಚೆ ಸಿದ್ದಗಂಗಯ್ಯನವರನ್ನು ಇಳಿಸಿ, ಪದ್ಮಾಸನ ಹಾಕಿಸಿ, ಉತ್ತರಕ್ಕೆ, ಎಂದರೆ ಬೆಟ್ಟಕ್ಕೆ, ಮುಖ ಮಾಡಿ ಕೂರಿಸಿದರು. ಅವರ ಎಡ ಅಂಗೈಯಲ್ಲಿ ಲಿಂಗವಿಟ್ಟು ಅಯ್ಯನವರು ಬಿಲ್ವ ಹಾಕಿದರು.

"ಈ ಜಾಗ ಅಣ್ಣ ತೋರಿಸಿದ್ನಾ ಅತ್ತಿಗೆ?"

"ಮೊದಲನೇ ಕಾದಂಬರೀಲಿ ಹೆಣ ಹೂಳಿದ್ದು ಇಲ್ಲೇ."

ಭೀಮಕ್ಕ ಹತ್ತಿರ ಬಂದಳು. ಓದು ಬರದವಳು. "ಆ ಹೆಣ ಆಮ್ಯಾಕೆ ಸಿಕ್ತಾ ಅಮ್ಮಾರೇ?"

"ಇಲ್ಲ. ಪೊಲೀಸ್ನೋರೂ ಇಲ್ಲೇ ಬಂದು ನಿಂತಿದ್ರು."

"ನಿಂತು?"

ಮೊದಲ ಹಿಡಿ ಮಣ್ಣು ಬಿತ್ತು. ಹೊಲಕ್ಕೆ ಆಗಲೇ ಮಬ್ಬು ಕವಿದಿತ್ತು. ಬಂಡೆಯ ನೆತ್ತಿ ಮಾತ್ರ ಕೆಂಡದಂತೆ ಉರಿಯುತ್ತಿತ್ತು. ಅಯ್ಯನವರು ತಲೆ ಎತ್ತಿದರು, ಕುಮಾರಸ್ವಾಮಿ ಎತ್ತಿದ, ಭೀಮಕ್ಕ ಬಾಯಿ ತೆರೆದು ನಿಂತಳು. ಗುದ್ದಲಿ ಹಿಡಿದ ನರಸಪ್ಪನೂ ಕತ್ತು ಮೇಲೆತ್ತಿಕೊಂಡೇ ಮಣ್ಣೆಳೆಯುತ್ತಿದ್ದ.

ಸರೋಜಮ್ಮ ಒಬ್ಬರೇ ಕಾಲಡಿ ನೋಡುತ್ತಿದ್ದರು.