ಒಲೆ ಆರಿಸಿದ ಓಣಿ

ಸರಾಯೆವೋದ ಮೇಲೆ ಮಂಜು ಕೂತು ವಾರವಾಗಿತ್ತು, ಏಳುವ ಲಕ್ಷಣವೇ ಇರಲಿಲ್ಲ. ಸುತ್ತ ಬೆಟ್ಟ, ನಡುವೆ ಊರು, ಗಾಳಿಯ ಸುಳಿವಿಲ್ಲ. ಒಲೆಗಳ ಹೊಗೆಯಾದರೂ ಎಲ್ಲಿಗೆ ಹೋಗಬೇಕು? ಜನರ ಎದೆಯೊಳಕ್ಕೇ ಹೋಗುತ್ತಿತ್ತು. ಬೆಟ್ಟದ ಮೇಲೆ ಮಾತ್ರ ಎಳೆ ಬಿಸಿಲಂತೆ, ನೀಲಿ ಆಕಾಶವಂತೆ. ಆ ಸುದ್ದಿ ಕೇಳಿದರೇ ಫಾಹಿರಾಳ ಮೈ ಉರಿಯುತ್ತಿತ್ತು. ಅವಳ ಮಗಳು, ಐದು ವರ್ಷದ ಅಯ್ನಾ, ಉಬ್ಬಸ ಹತ್ತಿ ದಿಂಬಿಗೊರಗಿ ಕೂತಿದ್ದಳು. ಒಂದೊಂದು ಉಸಿರಿಗೂ ಭುಜ ಎತ್ತಿ ಒದ್ದಾಡುತ್ತಿದ್ದಳು. ಆಸ್ಪತ್ರೆಯವರು ಔಷಧಿ ಕೊಟ್ಟು, "ಆಗೋದಾದ್ರೆ ಬೆಟ್ಟದ ಮೇಲಕ್ಕೆ ಕರ್ಕೊಂಡು ಹೋಗಿ" ಎಂದು ಮನೆಗೆ ಕಳಿಸಿದ್ದರು. ಬೆಟ್ಟದ ರಸ್ತೆ ಹೆಪ್ಪುಗಟ್ಟಿ ಜಾರುತ್ತಿತ್ತು. ಯಾವ ಟ್ಯಾಕ್ಸಿಯವನೂ ಒಪ್ಪಲಿಲ್ಲ.

ಮಧ್ಯಾಹ್ನ ಫಾಹಿರಾ ಮಗುವಿಗೆ ಇದ್ದಬದ್ದ ಹೊದಿಕೆಗಳನ್ನೆಲ್ಲ ಸುತ್ತಿ, ತನ್ನ ಒಲೆ ಆರಿಸಿದಳು. ಆಮೇಲೆ ನಾಚಿಕೆ ಬಿಟ್ಟು ಎದುರುಮನೆಯ ಬಾಗಿಲು ತಟ್ಟಿದಳು.

"ಜುಲ್ಫೋ ತಾತ, ಇವತ್ತೊಂದಿನ ಕಲ್ಲಿದ್ದಲು ಹಾಕ್ಬೇಡಿ. ಮಗು ಉಸಿರಾಡ್ಲಿ."

"ಚಳಿಗೆ ನನ್ನ ಮಂಡಿ ಪಾಡು ನಿಂಗೊತ್ತಲ್ಲ, ಮಗಳೇ," ಎಂದ ಮುದುಕ. ಆಮೇಲೆ ಕೆಂಡ ಮುಚ್ಚಲು ಬೂದಿಯ ಬಕೆಟ್ ಎಳೆದುಕೊಂಡ. "ಆಯ್ತು ಹೋಗು. ಎರಡು ಕೋಟು ಹಾಕ್ಕೊಂಡು ಕೂತಿರ್ತೀನಿ."

ಪಕ್ಕದ ಮನೆಯ ಮೆವ್ಲಿದಾಳ ಬಾಯಿಗೆ ಓಣಿಯೇ ಹೆದರುತ್ತಿತ್ತು. "ಒಲೆ ಆರಿಸಿದ್ರೆ ನನ್ನ ಗಂಡನ್ನ ನೀನು ಬೆಚ್ಚಗಿಡ್ತೀಯೇನೇ?" ಅಂದಳು. ಅಂದವಳೇ ಶಾಲು ಹೊದ್ದು ಹೊರಗೆ ಬಂದು, ಮಿಕ್ಕ ಮನೆಗಳವರನ್ನು ಗದರಿಸಿ ಗದರಿಸಿ ಒಪ್ಪಿಸಿದಳು. ಕತ್ತಲಾಗುವ ಮೊದಲೇ ಓಣಿಯ ಒಂದು ಚಿಮಣಿಯೂ ಹೊಗೆಯಾಡುತ್ತಿರಲಿಲ್ಲ.

ಫಾಹಿರಾ ಕಿಟಕಿ ತೆರೆದಳು. ಚಳಿಗಾಲದಲ್ಲಿ ಕಿಟಕಿ ತೆರೆದವರನ್ನು ಕೊಲೆಗಾರರಂತೆ ನೋಡುವ ಮೆವ್ಲಿದಾ ಕೂಡ ಇವತ್ತು ಜೊತೆಗೆ ಒಳಗೆ ಬಂದು, ಮಗುವಿನ ಹೊದಿಕೆ ಬಿಗಿಮಾಡಿ ಪಕ್ಕದಲ್ಲೇ ಕೂತಳು. ಒಳಗೆ ಬಂದದ್ದು ಅದೇ ಕಹಿ, ಅದೇ ಕಲ್ಲಿದ್ದಲ ನಾತ. ಊರಿನ ತುಂಬ ಸಾವಿರಾರು ಚಿಮಣಿಗಳಿದ್ದವು. ಅವುಗಳ ಹೊಗೆಗೆ ಈ ಓಣಿ, ಆ ಓಣಿ ಎಂಬ ಭೇದವೆಲ್ಲಿ? ಅಯ್ನಾ ಕೆಮ್ಮಿದಳು. ಎದೆಯ ಸೀಟಿ ಒಂದಿಷ್ಟೂ ಇಳಿಯಲಿಲ್ಲ.

"ಅಮ್ಮಾ, ಸಾಕಾಯ್ತು," ಅಂತು ಮಗು.

ಫಾಹಿರಾಳಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಕಿಟಕಿ ಮುಚ್ಚಿದಳು. ಮಗಳನ್ನು ಮೆವ್ಲಿದಾಳ ಮಡಿಲಿಗೆ ಒರಗಿಸಿ, ಬೂಟು ಹಾಕಿಕೊಳ್ಳತೊಡಗಿದಳು.

"ಈ ಚಳೀಲಿ ಎಲ್ಲಿಗೇ?" ಮೆವ್ಲಿದಾ ಮೆಲ್ಲಗೆ ಕೇಳಿದಳು.

"ಕೆಳಗಿನ ಓಣಿಗೆ," ಅಂದಳು ಫಾಹಿರಾ. "ಅಲ್ಲಿಯವರನ್ನೂ ಕೇಳ್ಕೊಂಡು ಬರ್ತೀನಿ."